ಬೀಗರು ಲೆಕ್ಕ ಹಾಕಿದ ಡೂರಿಯನ್

ತುಕಿರಾನ್ ತಾನಾಗಿಯೇ ಹಣ್ಣನ್ನು ತಬ್ಬಿಕೊಂಡು ಫೋಟೋ ಹೊಡೆಸಿಕೊಂಡ ಎಂದು ಜಾವಾದ ಕಾರಂಗ್‌ವಾರು ಊರಿನಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಅದು ಶುದ್ಧ ಸುಳ್ಳು. ತುಕಿರಾನ್ ರಸ್ತೆ ಬದಿಯಲ್ಲಿ ಪಂಕ್ಚರ್ ಹಾಕುವವನು. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುವುದರಲ್ಲೇ ಅವನ ಅರ್ಧ ಆಯುಸ್ಸು ಕಳೆದಿದೆ. ಗಾಳಿ ತುಂಬಿದ್ದು ಎಷ್ಟು ಹೊತ್ತು ನಿಲ್ಲುತ್ತದೆಂಬುದು ಅಂಥವನಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಂಗಳದ ಫೋಟೋ ಬೇಕೆಂದು ಕೇಳಿದವರು ಬೀಗರು. ಅದರೊಳಗೆ ಹಣ್ಣು ಬಂದು ಕೂತದ್ದು ಹಣ್ಣಿನ ಸ್ವಂತ ಜವಾಬ್ದಾರಿ.

ಬೀಗರೆಂದರೆ, ಆಗಿನ್ನೂ ಪೂರ್ತಿ ಬೀಗರಾಗಿರಲಿಲ್ಲ. ತುಕಿರಾನ್‌ನ ಒಬ್ಬಳೇ ಮಗಳು ಲಸ್ತ್ರಿ ಪುರ್ವೊರೆಜೊ ಪೇಟೆಯ ಶಿಶುವಿಹಾರದಲ್ಲಿ ಟೀಚರು. ಅದೇ ಪೇಟೆಯ ಅಂಚೆ ಕಚೇರಿಯ ಗಲಿಹ್ ಎಂಬ ಹುಡುಗ ಅವಳನ್ನು ಮೆಚ್ಚಿದ್ದ, ಅವಳೂ ಮೆಚ್ಚಿದ್ದಳು. ಮೆಚ್ಚುವುದಕ್ಕೆ ಬಾಕಿ ಉಳಿದವರು ಹುಡುಗನ ಅಪ್ಪ ಮಾರ್ತೊಯೊ ಒಬ್ಬರೇ. ಅವರು ಸರ್ಕಾರಿ ಭೂಮಾಪಕರಾಗಿದ್ದು ನಿವೃತ್ತರಾದವರು. ನಿವೃತ್ತಿಯಾದದ್ದು ಕಚೇರಿಯಿಂದ ಮಾತ್ರ, ಅಳತೆಯಿಂದಲ್ಲ. ಮೊದಲ ಸಲ ಹೆಣ್ಣಿನ ಮನೆಗೆ ಬಂದಾಗ ಚಹಾ ಕುಡಿದರು, ಕರಿದ ಬಾಳೆಹಣ್ಣು ತಿಂದರು, ಹುಡುಗಿಯ ಬಗ್ಗೆ ಚಕಾರವೆತ್ತದೆ ಗೇಟಿನ ಕಡೆ ನೋಡುತ್ತ ಕೂತರು. ಕೊನೆಗೆ ಎದ್ದು ಚಪ್ಪಲಿ ಮೆಟ್ಟುವಾಗ, "ಎಡಗಡೆ ಕಂಬ ಎರಡು ಡಿಗ್ರಿ ಒಳಕ್ಕೆ ವಾಲಿದೆ," ಎಂದರು. ಹೋದರು.

ಹೆಣ್ಣಿನ ಅಪ್ಪನ ನಿದ್ದೆ ಕೆಡಿಸುವುದಕ್ಕೆ ಇನ್ನೇನು ಬೇಕು? ಅಂದಿನಿಂದ ತುಕಿರಾನ್ ಬೆಳಿಗ್ಗೆ ಎದ್ದವನೇ ಆ ಕಂಬಕ್ಕೆ ಹೆಗಲು ಕೊಟ್ಟು ನೂಕತೊಡಗಿದ. ಹೆಂಡತಿ ಸಾರಿಯೆಮ್ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: "ಸಾಕು ಬಿಡ್ರೀ! ಒಳಕ್ಕೆ ಎರಡು ಡಿಗ್ರಿ ಇದ್ದಿದ್ದು ಹೊರಕ್ಕೆ ನಾಲ್ಕು ಡಿಗ್ರಿ ಆಗುತ್ತೆ, ಆಮೇಲೆ ಬಂದೋರು ಅದಕ್ಕೂ ಒಂದು ಮಾತು ಹೇಳಿ ಹೋಗ್ತಾರೆ."

ಹೀಗಿರುವಾಗ ಫೋನು ಬಂತು. ಹುಡುಗಿಯನ್ನು ಕೇಳುವ ಶಾಸ್ತ್ರಕ್ಕೆ ಮುಂದಿನ ವಾರ ಗಂಡಿನ ಕಡೆಯವರು ಬಸ್ಸು ಮಾಡಿಕೊಂಡು ಬರುತ್ತಾರಂತೆ. ಅಂಗಳದಲ್ಲಿ ಬಸ್ಸು ತಿರುಗುತ್ತದೋ ಇಲ್ಲವೋ ಲೆಕ್ಕ ಹಾಕಬೇಕಂತೆ.

"ಜಗಲಿ ಮೇಲಿಂದ ಒಂದು ಫೋಟೋ ಹೊಡೆಸಿ ಕಳಿಸಿ," ಎಂದರು ಮಾರ್ತೊಯೊ. "ನೀವು ಗೇಟಿನ ಹತ್ತಿರ ನಿಂತ್ಕೊಳ್ಳಿ, ಎರಡೂ ಕೈ ಅಗಲಿಸಿ. ನಿಮ್ಮ ಎತ್ತರ ಹಿಡಿದು ಉಳಿದಿದ್ದೆಲ್ಲ ನಾನು ಅಳೀತೀನಿ."

"ನನ್ನ ಎತ್ತರ ತಮಗೆ ಹೇಗೆ ಗೊತ್ತು ಸ್ವಾಮಿ?"

"ಮೊನ್ನೆ ನಿಮ್ಮ ಬಾಗಿಲಲ್ಲಿ ನಾನು ತಲೆ ಬಗ್ಗಿಸಿದೆ, ನೀವು ಬಗ್ಗಿಸಲಿಲ್ಲ."

ತುಕಿರಾನ್ ಗೇಟಿನ ಹತ್ತಿರ ಶಿಲುಬೆಯ ಹಾಗೆ ಕೈ ಚಾಚಿ ನಿಂತ. ಸಾರಿಯೆಮ್ ಜಗಲಿಯ ಮೇಲೆ ನಿಂತು ಫೋನು ಹಿಡಿದಳು. ಜಗಲಿಯ ಮುಂದೆಯೇ ಒಂದು ಡೂರಿಯನ್ ಮರ, ಹಲಸಿನಂತೆ ಮೈಯೆಲ್ಲ ಮುಳ್ಳಿರುವ ಹಣ್ಣು ಬಿಡುವಂಥದು. ಆ ವರ್ಷ ಮೊದಲ ಸಲ ಫಲ ಕೊಟ್ಟಿತ್ತು, ಅದೂ ಒಂದೇ ಒಂದು. ಹಣ್ಣಾಗಿ ಬಿದ್ದು ಒಡೆಯದಿರಲಿ ಎಂದು ಎಲ್ಲರೂ ಮಾಡುವಂತೆ ಹಸಿರು ಪ್ಲಾಸ್ಟಿಕ್ ದಾರದಿಂದ ತೊಟ್ಟನ್ನು ಕೊಂಬೆಗೆ ಕಟ್ಟಿದ್ದರು. ಸಾರಿಯೆಮ್‌ಳ ಮೂಗಿನ ನೇರಕ್ಕೆ, ಮೂರು ನಾಲ್ಕು ಹೆಜ್ಜೆ ಆಚೆ ಅದು ತೂಗುತ್ತಿತ್ತು.

"ಹಣ್ಣು ಅಡ್ಡ ಬರ್ತಿದೆ ರೀ! ನಿಮ್ಮ ಹೊಟ್ಟೆ ಕಾಣ್ತಿಲ್ಲ."

"ಅವರಿಗೆ ಬೇಕಾಗಿರೋದು ಗೇಟು ಕಣೇ, ಹೊಟ್ಟೆಯಲ್ಲ. ಒತ್ತು!"

ಸಾರಿಯೆಮ್ ತಿಗಣೆ ಒತ್ತಿದ ಹಾಗೆ ಒತ್ತಿದಳು. ಫೋಟೋ ಹೋಯಿತು.

ಸಂಜೆಯ ಹೊತ್ತಿಗೆ ಅದೇ ಫೋಟೋ ಮೈತುಂಬ ಕೆಂಪು ಗೆರೆ ಬರೆಸಿಕೊಂಡು ವಾಪಸು ಬಂತು. ಕಾಲುದಾರಿಯ ಎರಡು ಅಂಚುಗಳು ದೂರದಲ್ಲಿ ಒಂದು ಚುಕ್ಕೆಯಲ್ಲಿ ಕೂಡಿದ್ದವು. ಕಣ್ಣಿನ ಮಟ್ಟಕ್ಕೆ ಒಂದು ಅಡ್ಡಗೆರೆ. ತುಕಿರಾನ್‌ನ ನೆತ್ತಿಗೊಂದು, ಪಾದಕ್ಕೊಂದು, ಚಾಚಿದ ಎರಡು ಕೈಗಳ ತುದಿಗೊಂದೊಂದು. ನಡುವೆ, ಆ ಎರಡು ಕೈಗಳ ಅಪ್ಪುಗೆಯಲ್ಲಿ ಎಂಬಂತೆ, ಅವನ ಕುತ್ತಿಗೆಯಿಂದ ಮೊಣಕಾಲಿನವರೆಗೂ ಮುಚ್ಚಿಕೊಂಡು ಒಂದು ಮುಳ್ಳಿನ ಪರ್ವತ. ಅದರ ಸುತ್ತ ಕೆಂಪು ಚೌಕ. ಕೆಳಗೆ ಬರಹ: "ಅಗಲ ಎಪ್ಪತ್ತೊಂದು ಸೆಂಟಿಮೀಟರ್. ತೂಕ ಅಂದಾಜು ಅರವತ್ತೈದು ಕಿಲೋ. ಬೀಗರೇ, ಇಂಥ ಮರ ಇಟ್ಟುಕೊಂಡು ಅವತ್ತು ಒಂದು ಮಾತೂ ಆಡಲಿಲ್ಲವಲ್ಲ ನೀವು!"

ಬಸ್ಸಿನ ಬಗ್ಗೆ ಒಂದಕ್ಷರ ಇರಲಿಲ್ಲ. ಆದರೆ 'ಬೀಗರೇ' ಎಂದಿತ್ತು. ತುಕಿರಾನ್ ಆ ಪದವನ್ನು ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಅಲ್ಲಿಯವರೆಗೆ ಮಾರ್ತೊಯೊ ಅವನನ್ನು ಏನೆಂದೂ ಕರೆದಿರಲಿಲ್ಲ.

"ತಕ್ಷಣ ಬರೀರಿ," ಎಂದಳು ಸಾರಿಯೆಮ್. "ಹಣ್ಣು ಕ್ಯಾಮೆರಾ ಮೂಗಿನ ಮೇಲಿತ್ತು, ನೀವು ಅಷ್ಟು ದೂರ ಇದ್ರಿ, ಅದಕ್ಕೇ ಹೀಗೆ ಕಂಡಿದೆ ಅಂತ."

"ಬೀಗರ ಲೆಕ್ಕ ತಪ್ಪು ಅಂತ ಬರೆಯೋಕಾಗುತ್ತೇನೇ?"

"ಲೆಕ್ಕ ತಪ್ಪು ಅನ್ನಬೇಡಿ. ಹಣ್ಣು ಚಿಕ್ಕದು ಅನ್ನಿ."

ತುಕಿರಾನ್ ಬರೆದ, ಅಳಿಸಿದ, ಎದ್ದು ಅಂಗಳ ಸುತ್ತಿದ, ಬಂದು ಮತ್ತೆ ಬರೆದ. ಕೊನೆಗೆ ಕಳಿಸಿದ್ದು: "ಚಿಕ್ಕ ಹಣ್ಣು ಸ್ವಾಮಿ."

ಉತ್ತರ ರೆಪ್ಪೆ ಬಡಿಯುವುದರೊಳಗೆ ಬಂತು: "ಹಣ್ಣಿಗಿಂತ ನಿಮ್ಮ ವಿನಯ ದೊಡ್ಡದು."

ಇಲ್ಲಿ ಮಾರ್ತೊಯೊ ಅವರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಜಾವಾದಲ್ಲಿ "ನಮ್ಮ ಗುಡಿಸಲಿಗೊಮ್ಮೆ ಬನ್ನಿ" ಎಂದು ಕರೆದವರ ಮನೆಗೆ ಹೋದರೆ ಅದಕ್ಕೆ ಮೂರು ಅಂತಸ್ತಿರುತ್ತದೆ. "ಬರೀ ನೀರು ಕುಡಿದು ಹೋಗಿ" ಎಂದರೆ ಹಿತ್ತಿಲಲ್ಲಿ ಮೇಕೆ ಕಡಿದಿದ್ದಾರೆ ಎಂದು ತಿಳಿಯಬೇಕು. "ನಮ್ಮ ಹುಡುಗ ದಡ್ಡ" ಎಂದರೆ ಡಾಕ್ಟರು. ಹೀಗಾಗಿ ನಿಜವಾಗಿಯೂ ಗುಡಿಸಲಿರುವವನಿಗೆ, ನಿಜವಾಗಿಯೂ ದಡ್ಡನಾದ ಮಗನಿರುವವನಿಗೆ ಅದನ್ನು ಹೇಳಿಕೊಳ್ಳಲು ನಮ್ಮಲ್ಲಿ ಮಾತೇ ಉಳಿದಿಲ್ಲ. ಚಿಕ್ಕ ಹಣ್ಣಿನವನ ಗತಿಯೂ ಅದೇ.

ಕೆಂಪು ಗೆರೆಗಳ ಫೋಟೋ ಮಾರ್ತೊಯೊ ಅವರ ಫೋನಿನಿಂದ ಅವರ ನಾದಿನಿಯ ಫೋನಿಗೆ, ಅಲ್ಲಿಂದ ಇನ್ನಾರಿಗೋ ಹಾರಿ, ಮಾರನೆಯ ಬೆಳಿಗ್ಗೆ ಕಾರಂಗ್‌ವಾರಿಗೇ ಬಂದು ಸೇರಿತು. ಕೇರಿಯ ಮುಖಂಡ ಸುಪಾರ್ಮಿನ್ ತನ್ನ ಫೋನು ಹಿಡಿದುಕೊಂಡು ಮರದ ಕೆಳಗೆ ಬಂದ. ಹಿಂದೆಯೇ ತೋಫು ಮಾರುವ ರುಕಿನಾ, ಅವಳ ಹಿಂದೆ ಅರ್ಧ ಕೇರಿ. ಇವರೆಲ್ಲ ಆ ಹಣ್ಣನ್ನು ಹೀಚು ಕಟ್ಟಿದಾಗಿನಿಂದ ದಿನವೂ ನೋಡುತ್ತಿದ್ದವರೇ. ಈಗ ಫೋನು ನೋಡಿದರು, ಹಣ್ಣು ನೋಡಿದರು, ಮತ್ತೆ ಫೋನು ನೋಡಿದರು.

"ನನ್ನ ಕಣ್ಣಿಗೇನೋ ಸಣ್ಣದಾಗೇ ಕಾಣ್ತಿದೆ," ಎಂದ ಸುಪಾರ್ಮಿನ್. "ಆದ್ರೆ ನನ್ನ ಕಣ್ಣಿಗೆ ಪಿಂಚಣಿ ಬರೋಲ್ಲವಲ್ಲ. ಇದು ಸರ್ವೇ ಸಾಹೇಬ್ರ ಲೆಕ್ಕ. ಗೆರೆ ಎಳೆದು ಮಾಡಿದ್ದು."

"ಅರವತ್ತೈದು ಕಿಲೋ ಅಂತೀರಿ, ಈ ಕೊಂಬೆ ತಡಿಯುತ್ತಾ?" ಎಂದಳು ರುಕಿನಾ.

"ಅದಕ್ಕೇ ಅಲ್ವೇನಮ್ಮಾ, ಫೋಟೋದಲ್ಲಿ ತುಕಿರಣ್ಣ ಎರಡೂ ಕೈ ಕೊಟ್ಟು ಹಿಡ್ಕೊಂಡಿರೋದು. ತನಗಿಂತ ಭಾರ ಎತ್ತಿದಾನೆ, ಮುಖದಲ್ಲಿ ಒಂದು ಹನಿ ಬೆವರಿಲ್ಲ ನೋಡು."

"ಮತ್ತೆ ಈಗ ಯಾರು ಹಿಡ್ಕೊಂಡಿದಾರೆ?"

ಎಲ್ಲರೂ ಒಟ್ಟಿಗೆ ತುಕಿರಾನ್ ಕಡೆ ತಿರುಗಿದರು. ಆ ನೋಟದಲ್ಲಿ ಕೈಗೂಸನ್ನು ಬಾವಿಕಟ್ಟೆಯ ಮೇಲೆ ಬಿಟ್ಟು ಬಂದವನ ಮೇಲಿರುವಷ್ಟು ಆಕ್ಷೇಪಣೆಯಿತ್ತು.

"ಅಯ್ಯೋ, ಫೋಟೋದಲ್ಲಿ ನಾನು ಗೇಟಿನ ಹತ್ರ ಇದೀನಿ ಕಣ್ರಪ್ಪಾ! ಹಣ್ಣು ಮುಟ್ಟೇ ಇಲ್ಲ. ಇದು ಚಿಕ್ಕದು! ನಿಮ್ಮ ಎದುರಿಗೇ ಇದೆಯಲ್ಲ!"

"ತುಕಿರಣ್ಣ ಹಾಗೆ ಹೇಳಲೇಬೇಕಪ್ಪ," ಎಂದ ಸುಪಾರ್ಮಿನ್ ಮೆಚ್ಚುಗೆಯಿಂದ. "ತನ್ನ ಹಣ್ಣು ದೊಡ್ಡದು ಅಂತ ತಾನೇ ಹೇಳ್ಕೊಳ್ಳೋಕಾಗುತ್ತಾ?" ಮಧ್ಯಾಹ್ನದೊಳಗೆ ಅವನು ಕೊಂಬೆಗೆ ಎರಡು ಬಿದಿರಿನ ಊರೆ ಕೊಡಿಸಿದ, ಸುತ್ತಲೂ ಹಗ್ಗ ಎಳೆಸಿದ. ಅಷ್ಟೇ ಆಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಅವನಿಗೆ ಮಾರ್ತೊಯೊ ಅವರ ಫೋನೂ ಬಂದಿತ್ತೆಂದು ತುಕಿರಾನ್‌ಗೆ ತಿಳಿದದ್ದು ಸಂಜೆ.

"ಏನಂದೆ ಮಾರಾಯ?"

"ಏನನ್ನಲಿ? ಕೇರಿ ಮುಖಂಡರು ನೀವು, ಹಣ್ಣು ನೋಡಿದೀರಾ ಅಂದರು. ನೋಡಿದೀನಿ ಸ್ವಾಮಿ ಅಂದೆ. ಅಷ್ಟು ದೊಡ್ಡವರು ಫೋನು ಮಾಡಿ ಕೇಳಿದಾಗ, ಊರಿಗೇ ಹೆಮ್ಮೆ ಅಂತ ಒಂದು ಮಾತು ನನ್ನದೂ ಸೇರಿಸಿದೆ."

ಅದರ ಮಾರನೆಯ ದಿನ ಹೋಬಳಿ ಕಚೇರಿಯಿಂದ ಒಬ್ಬ ಅಧಿಕಾರಿ ಟೇಪು ಹಿಡಿದುಕೊಂಡೇ ಬಂದ. ತುಕಿರಾನ್‌ಗೆ ಹೋದ ಜೀವ ಬಂದಂತಾಯಿತು. ಅಳೆಯಲಿ, ಬರೆಯಲಿ, ಸರ್ಕಾರವೇ ಹೇಳಲಿ! ಏಣಿ ತಂದುಕೊಟ್ಟ, ತಾನೇ ಹಿಡಿದುಕೊಂಡ. ಅಧಿಕಾರಿ ಹತ್ತಿ ಅಳೆದ. ಟೇಪನ್ನು ತಿರುಗಿಸಿ ಅದರ ಬೆನ್ನು ನೋಡಿದ. ಮತ್ತೆ ಅಳೆದ. ಕೆಳಗಿಳಿದು ಏಣಿಯ ಮೆಟ್ಟಿಲಿನ ಮೇಲೆ ಕುಸಿದು ಕೂತ.

"ಇಪ್ಪತ್ತನಾಲ್ಕು," ಎಂದ, ಸಾವಿನ ಸುದ್ದಿ ಹೇಳುವ ದನಿಯಲ್ಲಿ.

"ಹೌದು ಸಾರ್! ಅದೇ ನಾನೂ ಹೇಳ್ತಿರೋದು! ಬರ್ಕೊಳ್ಳಿ!"

"ಏನು ಬರ್ಕೊಳ್ಳಲಿ? ಇಪ್ಪತ್ತನಾಲ್ಕು ಅಂತ ಬರೆದ್ರೆ ಮಾರ್ತೊಯೊ ಸಾಹೇಬ್ರ ಲೆಕ್ಕ ತಪ್ಪು ಅಂದ ಹಾಗಾಯ್ತು. ನಮ್ಮ ಕಚೇರಿ ಜಾಗಕ್ಕೆ ಗಡಿಕಲ್ಲು ಹಾಕಿದೋರೇ ಅವರು. ಪೊಲೀಸ್ ಠಾಣೆಗೆ ಅವರು, ಮಸೀದಿಗೆ ಅವರು, ಸಂತೆ ಮಾಳಕ್ಕೆ ಅವರು. ಅವರ ಲೆಕ್ಕ ಮೂರು ಪಟ್ಟು ತಪ್ಪುತ್ತೆ ಅಂದ್ರೆ, ನಮ್ಮ ಕಚೇರಿ ಯಾರ ಗದ್ದೇಲಿದೆ ಅಂತ ಹೇಳೋದು? ನಾಳೆ ಬೆಳಿಗ್ಗೆ ಅರ್ಧ ಹೋಬಳಿ ಕೋರ್ಟಲ್ಲಿ ನಿಂತಿರುತ್ತೆ."

ತುಕಿರಾನ್‌ಗೆ ಇದು ಹೊಳೆದಿರಲಿಲ್ಲ. ತನ್ನ ಅಂಗಳದ ಹಣ್ಣಿಗೆ ಪೊಲೀಸ್ ಠಾಣೆಯೂ ಜೋತುಬಿದ್ದಿದೆ ಎಂದು ತಿಳಿದು ಅವನು ಏಣಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

"ನಾನು ಬಂದಾಗ ಎಲೆ ಮರೆಯಲ್ಲಿತ್ತು, ಕಾಣಲಿಲ್ಲ," ಎಂದು ತೀರ್ಮಾನಿಸಿ ಅಧಿಕಾರಿ ಟೇಪು ಸುತ್ತಿದ. "ಅಂದಹಾಗೆ, ಶಾಸ್ತ್ರದ ದಿನ ಹಣ್ಣು ನೋಡೋಕೆ ಚಮತ್ ಸಾಹೇಬ್ರೇ ಬರ್ತಾರಂತೆ." ಚಮತ್ ಎಂದರೆ ಹೋಬಳಿಗೆಲ್ಲ ದೊಡ್ಡ ಅಧಿಕಾರಿ. ಅಳಿಯನ ಕಡೆಯ ಬಸ್ಸಿನ ಜೊತೆ ಈಗ ಸರ್ಕಾರಿ ಜೀಪೂ ಸೇರಿಕೊಂಡಿತು.

ಆ ಮಧ್ಯಾಹ್ನ ತುಕಿರಾನ್ ಗಿರಾಕಿಯೊಬ್ಬನ ಮೋಟರ್‌ಸೈಕಲ್ಲಿಗೆ ಗಾಳಿ ಹೊಡೆಯುತ್ತ ಹೊಡೆಯುತ್ತ ಎಲ್ಲೋ ಕಳೆದುಹೋದ. ಟ್ಯೂಬು ಢಮಾರೆಂದು ಸಿಡಿದಾಗ ಸಾರಿಯೆಮ್ ಹೊರಗೆ ಬಂದು, "ಇನ್ನು ಆಗೋಲ್ಲ. ಹೊರಡಿ ಪೇಟೆಗೆ. ಎದುರಿಗೆ ಕೂತು ಹೇಳಿ ಬನ್ನಿ. ಹೋದ ತಕ್ಷಣ ಹೇಳಬೇಕು. ಚಹಾ ಕುಡಿದ್ರೋ, ಕೆಟ್ಟಿರಿ!" ಎಂದು ಹೊರಡಿಸಿದಳು.

ತುಕಿರಾನ್ ಚಹಾ ಕುಡಿದ. ಕುಡಿಯದೆ ಹೇಗಿರುವುದು? ಗಂಡಿನ ತಾಯಿ ಕೈಯಾರೆ ತಂದಿಟ್ಟಿದ್ದರು. ಲೋಟ ಖಾಲಿಯಾಗುತ್ತಿದ್ದಂತೆ ತುಂಬಿದರು. ಮಾರ್ತೊಯೊ ಅವರು ಅಷ್ಟರಲ್ಲಿ ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಅಲ್ಲೊಂದು ಸಾಗುವಾನಿಯ ಪಲ್ಲಕ್ಕಿ ನಿಂತಿತ್ತು. ನಾಲ್ವರು ಹೊರುವಂಥದು; ಒಳಗೆ ಬುಟ್ಟಿಯಂತೆ ತೊಟ್ಟಿಲು, ಅದಕ್ಕೆ ತೆಂಗಿನ ನಾರಿನ ಹಾಸಿಗೆ.

"ಹಣ್ಣಿಗೆ," ಎಂದರು ಮಾರ್ತೊಯೊ. "ನಾನೇ ಮಾಡಿದ್ದು. ಒಳಗಡೆ ಸರಿಯಾಗಿ ಎಪ್ಪತ್ತೊಂದು, ಸುತ್ತ ಒಂದು ಬೆರಳು ಸಡಿಲ. ಮತ್ತೆ ನೋಡಿ ಬೀಗರೇ, ಮನೆಯವರಿಗೆ ಅಡುಗೆ ಗಿಡುಗೆ ಅಂತ ಕಷ್ಟ ಕೊಡಬೇಡಿ. ಅರವತ್ತೈದು ಕಿಲೋ ಹಣ್ಣು ಇರುವಾಗ ಬೇರೇನು ಬೇಕು? ಬಸ್ಸು ತುಂಬ ಜನ ತಿಂದರೂ ಮಿಗುತ್ತೆ."

"ಬೀಗರೇ, ಆ ಹಣ್ಣು..."

"ಚಿಕ್ಕದು ಅಂತೀರಿ."

"ಹೌದು ಬೀಗರೇ. ಚಿಕ್ಕದು."

"ಎಷ್ಟು ಚಿಕ್ಕದು?"

ತುಕಿರಾನ್ ಎರಡು ಕೈಗಳ ನಡುವೆ ಹಣ್ಣಿನ ನಿಜವಾದ ಗಾತ್ರವನ್ನು, ಒಂದು ಕೂದಲೆಳೆ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹಿಡಿದು ತೋರಿಸಿದ. "ಇಷ್ಟು."

ಮಾರ್ತೊಯೊ ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಕೇಳಿದೆಯೇನೇ?" ಎಂದು ಹೆಂಡತಿಯನ್ನು ಕೂಗಿದರು. "ಇಷ್ಟಂತೆ! ನಮ್ಮ ತಾತ ಹೀಗೆ ಮಾತಾಡ್ತಿದ್ದರು. ಇಂಥ ಸಂಸ್ಕಾರ ಈಗ ಎಲ್ಲಿದೆ? ಬೀಗರೇ, ನಿಮ್ಮ ಮೇಲಿನ ಗೌರವಕ್ಕೆ ನಾನು ಮೊದಲೇ ಮೂರು ಸೆಂಟಿಮೀಟರ್ ಕಳೆದು ಎಪ್ಪತ್ತೊಂದು ಅಂತ ಬರೆದಿದ್ದೆ. ಇನ್ನು ಕಳೆಯೋಲ್ಲ. ಇಷ್ಟು ಚಿಕ್ಕದು ಅನ್ನೋರ ಹಣ್ಣು ಎಪ್ಪತ್ತನಾಲ್ಕೇ!" ಎಂದು ಉಳಿ ತೆಗೆದುಕೊಂಡು ತೊಟ್ಟಿಲನ್ನು ಅಗಲಿಸಲು ಕೂತೇಬಿಟ್ಟರು.

ಗಲಿಹ್ ಬೀದಿಯವರೆಗೂ ಬೀಳ್ಕೊಡಲು ಬಂದ. ಮೆಲ್ಲನೆ ಕೇಳಿದ: "ಮಾವ, ಹಣ್ಣು ನಿಜವಾಗ್ಲೂ ಚಿಕ್ಕದಾ?"

"ನಿಜವಾಗ್ಲೂ ಕಣಪ್ಪಾ. ನಿಮ್ಮಪ್ಪ ಗೆರೆಯೆಲ್ಲ ಸರಿಯಾಗೇ ಎಳೆದಿದಾರೆ. ನಾನು ದೂರ ನಿಂತಿದ್ದೆ, ಹಣ್ಣು ಹತ್ರ ಇತ್ತು. ಅವರು ಇಬ್ಬರನ್ನೂ ಒಂದೇ ಕಡೆ ನಿಲ್ಲಿಸಿಬಿಟ್ಟರು."

ಹುಡುಗನ ಮುಖ ಸುಟ್ಟ ಬದನೆಕಾಯಿಯಾಯಿತು. "ಹಾಗಂತ ಅವರಿಗೆ ಹೇಳಿಬಿಟ್ಟೀರಿ ಮತ್ತೆ! ಒಂದು ಸಲ ದೊಡ್ಡಪ್ಪ, ನಿನ್ನ ಲೆಕ್ಕದಲ್ಲಿ ಒಂದು ಮೊಳ ಹೆಚ್ಚುಕಮ್ಮಿ ಇದೆ ಕಣೋ ಅಂದಿದ್ರು. ಅವತ್ತಿಂದ ಲೆಬರಾನ್ ಹಬ್ಬಕ್ಕೂ ಅವರ ಮನೆ ಹೊಸ್ತಿಲು ತುಳಿದಿಲ್ಲ ಅಪ್ಪ. ಒಡಹುಟ್ಟಿದ ಅಣ್ಣ ಅವರು, ಮಾವ. ಇನ್ನೂ ಆಗದೇ ಇರೋ ಬೀಗರನ್ನ ಬಿಡ್ತಾರಾ?"

"ಹಾಗಾದ್ರೆ ನಾನು ಸುಳ್ಳು ಹೇಳಿದೆ ಅಂತ ಒಪ್ಕೊಳ್ಳಲಾ?"

"ಅಯ್ಯೋ, ಸುಳ್ಳು ಹೇಳೋರ ಮನೆ ಹೆಣ್ಣು ತರೋಲ್ಲ ಅಂತಾರೆ."

ತುಕಿರಾನ್ ಹಾದಿಯುದ್ದಕ್ಕೂ ಇದನ್ನೇ ಮಗುಚಿ ಮಗುಚಿ ನೋಡುತ್ತ ಬಂದ. ಬೀಗರ ಲೆಕ್ಕ ತಪ್ಪಾದರೆ ಮಗಳ ಮದುವೆಯಿಲ್ಲ. ತಾನು ಸುಳ್ಳುಗಾರನಾದರೂ ಮದುವೆಯಿಲ್ಲ. ಹಣ್ಣು ಒಂದೇ ವಾರದಲ್ಲಿ ಮೂರು ಪಟ್ಟು ಬೆಳೆದರೆ ಮಾತ್ರ ಉಂಟು. ಮನೆಗೆ ಬಂದವನೇ ಮರಕ್ಕೆ ಎರಡು ಬುಟ್ಟಿ ಗೊಬ್ಬರ ಹಾಕಿದ. ಸಾರಿಯೆಮ್ ನೋಡಿದಳು. ಹಿತ್ತಿಲಿಗೆ ಹೋಗಿ ಮೇಕೆ ವ್ಯಾಪಾರಿಗೆ ಹೇಳಿಕಳಿಸಿದಳು. ಗಂಡನ ಮಾತಿನಲ್ಲಾಗಲಿ, ಬೀಗರ ಗಣಿತದಲ್ಲಾಗಲಿ ಬಸ್ಸು ತುಂಬ ಜನರ ಹೊಟ್ಟೆ ತುಂಬುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ.

ಶಾಸ್ತ್ರದ ದಿನ ಬಂತು. ಬಸ್ಸೂ ಬಂತು, ಬಂದು ಗೇಟಿನ ಹೊರಗಿನ ತಿರುವಿನಲ್ಲಿ ಮೂತಿ ಒಂದು ಕಡೆ, ಬಾಲ ಒಂದು ಕಡೆ ಸಿಕ್ಕಿಕೊಂಡು ನಿಂತಿತು. ಅಂಗಳದಲ್ಲಿ ಬಸ್ಸು ತಿರುಗುತ್ತದೋ ಇಲ್ಲವೋ ಎಂಬ ಲೆಕ್ಕವನ್ನು ಯಾರೂ ಹಾಕಿರಲೇ ಇಲ್ಲ. ಹೆಂಗಸರು ಅಂಟುಕಡುಬಿನ ತಟ್ಟೆಗಳನ್ನು ತಲೆಯ ಮೇಲಿಟ್ಟುಕೊಂಡು ಕಿಟಕಿಯಿಂದ ಇಳಿಯುವವರಂತೆ ಬಾಗಿಲಿನಿಂದ ಇಳಿದರು. ನಾಲ್ವರು ಗಂಡಸರು ಪಲ್ಲಕ್ಕಿ ಹೊತ್ತು ಬಂದರು. ಜೀಪಿನಿಂದ ಚಮತ್ ಸಾಹೇಬರು ಇಸ್ತ್ರಿ ಮಾಡಿದ ಖಾಕಿಯಲ್ಲಿ ಇಳಿದರು. ಸುಪಾರ್ಮಿನ್ ಹಣ್ಣಿಗೆ ಬಾತಿಕ್ ಬಟ್ಟೆಯ ಪರದೆ ಹೊದಿಸಿ, ಎಳೆಯಲೊಂದು ದಾರವನ್ನೂ ಬಿಟ್ಟಿದ್ದ. ಒಳಗಿನ ಕೋಣೆಯಲ್ಲಿ ಲಸ್ತ್ರಿ ಅಲಂಕಾರ ಮಾಡಿಕೊಂಡು ಕೂತಿದ್ದಳು. ಅವಳನ್ನು ಕೇಳಲೆಂದೇ ಇಷ್ಟು ಜನ ಬಂದದ್ದು ಎಂಬುದು ಯಾರ ನೆನಪಿನಲ್ಲೂ ಇದ್ದಂತೆ ಕಾಣಲಿಲ್ಲ.

ಚಮತ್ ಸಾಹೇಬರು ದಾರ ಎಳೆದರು. ಬಟ್ಟೆ ಜಾರಿತು.

ಮನುಷ್ಯನ ತಲೆಗಿಂತ ತುಸು ದೊಡ್ಡದಾದ, ಎಲ್ಲ ಡೂರಿಯನ್‌ಗಳಂಥದೇ ಒಂದು ಡೂರಿಯನ್ ಎರಡು ಬಿದಿರಿನ ಊರೆಗಳ ನಡುವೆ ನಾಚಿಕೊಂಡು ತೂಗುತ್ತಿತ್ತು.

ಜಾವಾದ ಸೌಜನ್ಯಕ್ಕೆ ಅದಕ್ಕಿಂತ ಕಠಿಣ ಪರೀಕ್ಷೆ ಹಿಂದೆ ಬಂದಿರಲಿಕ್ಕಿಲ್ಲ. "ಬಣ್ಣ ಚೆನ್ನಾಗಿದೆ," ಎಂದರು ಚಮತ್ ಸಾಹೇಬರು. "ಮುಳ್ಳೆಲ್ಲ ಎಷ್ಟು ಅಚ್ಚುಕಟ್ಟು!" ಎಂದರು ಗಂಡಿನ ಚಿಕ್ಕಮ್ಮ. "ತೊಟ್ಟೂ ಗಟ್ಟಿಯಾಗಿದೆ," ಎಂದಿತು ಇನ್ನೊಂದು ದನಿ. ಗಾತ್ರವೊಂದನ್ನು ಬಿಟ್ಟು ಹಣ್ಣಿಗಿರಬಹುದಾದ ಎಲ್ಲ ಗುಣಗಳ ವರ್ಣನೆಯೂ ಆಯಿತು. ಆಗ ಗಂಡಿನ ಕಡೆಯ ಕಿವುಡಜ್ಜಿಯೊಬ್ಬಳು ಊರಿಗೆಲ್ಲ ಕೇಳುವಂತೆ ಕೇಳಿದಳು:

"ದೊಡ್ಡ ಹಣ್ಣೆಲ್ಲಿ?"

"ಶ್! ಅದೇ ಅಜ್ಜಿ."

"ಯಾವುದು?"

"ಅದೇ, ತೂಗ್ತಿದೆಯಲ್ಲ."

"ಅದು ಮರಿಯಲ್ವಾ? ತಾಯಿ ಎಲ್ಲಿ?"

ಮಾರ್ತೊಯೊ ಅವರು ಕದಲಲಿಲ್ಲ. ಪಲ್ಲಕ್ಕಿ ಹೊತ್ತವರು ಇಳಿಸುವುದೋ ಹೊತ್ತೇ ಇರುವುದೋ ತಿಳಿಯದೆ ಹೆಗಲು ಬದಲಿಸಿದರು. ಗಲಿಹ್ ಕಣ್ಣು ಮುಚ್ಚಿಕೊಂಡ. ಕೋಣೆಯ ಪರದೆ ಅಲುಗಿತು.

ತುಕಿರಾನ್ ಹಗ್ಗ ದಾಟಿ ಮುಂದೆ ಬಂದ. ಏನು ಹೇಳುತ್ತೇನೆಂದು ಅವನಿಗೇ ತಿಳಿದಿರಲಿಲ್ಲ. "ಬೀಗರೇ," ಎಂದ, "ನಿಮ್ಮ ಲೆಕ್ಕ ಸರಿಯಾಗೇ ಇದೆ. ಹಣ್ಣೇ ತಪ್ಪು."

ಮಾರ್ತೊಯೊ ಅವರು ನಿಧಾನವಾಗಿ ಅವನತ್ತ ತಿರುಗಿದರು. "ಫೋಟೋ ಹೊಡೆದಾಗ ನೀವೆಲ್ಲಿದ್ರಿ?"

"ಗೇಟಿನ ಹತ್ರ ಬೀಗರೇ. ತಾವು ಹೇಳಿದ ಜಾಗದಲ್ಲೇ."

"ಹಣ್ಣು?"

"ಹಣ್ಣು ಇಲ್ಲೇ ಇತ್ತು. ಅದಕ್ಕೆ ಎಲ್ಲಿ ನಿಲ್ಲಬೇಕು ಅಂತ ಯಾರೂ ಹೇಳಿರಲಿಲ್ಲ."

ಮಾರ್ತೊಯೊ ಅವರು ಜಗಲಿಯ ಕಡೆ ನೋಡಿದರು, ಹಣ್ಣಿನ ಕಡೆ ನೋಡಿದರು, ಗೇಟಿನ ಕಡೆ ನೋಡಿದರು. ಮೂರೂ ಒಂದೇ ಗೆರೆಯಲ್ಲಿದ್ದವು. ಅವರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಆಮೇಲೆ ಕಚೇರಿಯ ಗಾಂಭೀರ್ಯ ಎಲ್ಲಿಂದಲೋ ಬಂದು ಅದರ ಮೇಲೆ ಕೂತಿತು.

"ಹೋಗಿ. ಗೇಟಿನ ಹತ್ರ ನಿಂತ್ಕೊಳ್ಳಿ. ಕೈ ಅಗಲಿಸಿ."

ತುಕಿರಾನ್ ಓಡಿದ. ಮಾರ್ತೊಯೊ ಜಗಲಿ ಹತ್ತಿ, ಅರ್ಧ ಹೆಜ್ಜೆ ಹಿಂದೆ, ಕಾಲು ಹೆಜ್ಜೆ ಬಲಕ್ಕೆ ಸರಿದು, ಒಂದು ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು ಪಾದದ ಸುತ್ತ ಗೆರೆ ಎಳೆದು, "ಚಮತ್ ಸಾಹೇಬ್ರೇ, ಬನ್ನಿ. ಇದರೊಳಗೆ ನಿಂತ್ಕೊಳ್ಳಿ. ಎಡಗಣ್ಣು ಮುಚ್ಚಿ," ಎಂದರು.

ಚಮತ್ ಸಾಹೇಬರು ನಿಂತರು. ಮುಚ್ಚಿದರು. "ಅಬ್ಬಬ್ಬಾ!" ಎಂದರು. ಅದು ಸೌಜನ್ಯದ ಮಾತಾಗಿರಲಿಲ್ಲ. ಬಾಯಿಂದ ತಾನಾಗಿ ಹಾರಿದ್ದು.

"ಎಷ್ಟಿದೆ?"

"ಎಪ್ಪತ್ತೊಂದು!" ಎಂದರು ಚಮತ್ ಸಾಹೇಬರು. ಬಹಳ ವರ್ಷ ಸರ್ಕಾರಿ ಸೇವೆ ಮಾಡಿದವರು.

ಅಲ್ಲಿಂದ ಮುಂದೆ ತಡೆಯುವವರಿರಲಿಲ್ಲ. ಗಂಡಿನ ಕಡೆಯವರು, ಕೇರಿಯವರು, ಬಸ್ಸಿನ ಡ್ರೈವರು, ಟೇಪಿನ ಅಧಿಕಾರಿ ಎಲ್ಲರೂ ಜಗಲಿಯ ಮೆಟ್ಟಿಲಿಗೆ ಸಾಲು ನಿಂತರು. ಒಬ್ಬೊಬ್ಬರೂ ಗೆರೆಯೊಳಗೆ ನಿಂತು ಒಂದು ಕಣ್ಣು ಮುಚ್ಚಿ, "ಹಾ!" ಎಂದು ಇಳಿದು ಮತ್ತೆ ಸಾಲಿನ ಬಾಲಕ್ಕೆ ಓಡುತ್ತಿದ್ದರು. ಕಿವುಡಜ್ಜಿ ನೋಡಿ, "ಇದೀಗ ತಾಯಿ!" ಎಂದು ತೃಪ್ತಳಾದಳು. ಹೋಬಳಿಯ ಗಡಿಕಲ್ಲುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಉಳಿದವು.

ಅತ್ತ ಗೇಟಿನ ಬಳಿ, ಸುಡುವ ಬಿಸಿಲಲ್ಲಿ, ತುಕಿರಾನ್‌ನ ತೋಳುಗಳು ನಡುಗತೊಡಗಿದ್ದವು. ಇಳಿಸಿದರೆ ಲೆಕ್ಕ ಕೆಡುತ್ತದೆ.

"ಕೈ ಇಳಿಸಬೇಡ್ರೀ!" ಎಂದು ಸಾರಿಯೆಮ್ ಅಡುಗೆಮನೆಯಿಂದ ಕೂಗಿದಳು. "ಇನ್ನೂ ಅವರ ಚಿಕ್ಕಮ್ಮ ನೋಡಿಲ್ಲ!"

ಊಟಕ್ಕೆ ಕೂತಾಗ ಮಧ್ಯಾಹ್ನ ಇಳಿದಿತ್ತು. ಮೇಕೆ ಸಾರು ಘಮಘಮಿಸುತ್ತಿತ್ತು. ಹಣ್ಣನ್ನು ಕೊಯ್ದು ಪಲ್ಲಕ್ಕಿಯಲ್ಲಿಟ್ಟು ಅಂಗಳದಲ್ಲಿ ಒಂದು ಸುತ್ತು ಮೆರವಣಿಗೆ ಮಾಡಿಸಿದ್ದೂ ಆಗಿತ್ತು. ತೊಟ್ಟಿಲಲ್ಲಿ ಅದು ಆಚೆಗೂ ಈಚೆಗೂ ಉರುಳಾಡಿ ಹೊರುವವರ ಕಾಲು ತಪ್ಪಿಸಿತ್ತು. ಜನ ನಗುತ್ತಿದ್ದರು, ಬಡಿಸಿಕೊಳ್ಳುತ್ತಿದ್ದರು. ಮಾರ್ತೊಯೊ ಅವರು ಮಾತ್ರ ತುಕಿರಾನ್‌ನ ಪಕ್ಕ ಚಾಪೆಯ ಮೇಲೆ ಕೂತು ಅನ್ನವನ್ನು ಮುಟ್ಟಿರಲಿಲ್ಲ. ಹುಡುಗಿಯನ್ನು ಕೇಳುವ ಮಾತು ಅವರ ಬಾಯಿಂದ ಇನ್ನೂ ಬಂದಿರಲಿಲ್ಲ. ಸಾರಿಯೆಮ್ ಸಾರಿನ ಸೌಟು ಹಿಡಿದು ಅಲ್ಲೇ ಸುಳಿದಾಡುತ್ತಿದ್ದಳು. ಒಳಗೆ ಲಸ್ತ್ರಿಯ ಬಳೆ ಸದ್ದು ಮಾಡಿ ಸುಮ್ಮನಾಯಿತು.

"ಬೀಗರೇ," ಎಂದರು ಮಾರ್ತೊಯೊ, ತಟ್ಟೆಯ ಮೇಲಿನ ಕಣ್ಣು ತೆಗೆಯದೆ, ಬೇರೆ ಯಾರಿಗೂ ಕೇಳಿಸದ ದನಿಯಲ್ಲಿ. "ಒಂದು ಮಾತು ಕೇಳ್ತೀನಿ. ಅವತ್ತು ನಮ್ಮ ಮನೇಲಿ ಕೈಯಲ್ಲಿ ತೋರಿಸಿದ್ರಲ್ಲ, ಇಷ್ಟು ಅಂತ. ಅದು ನಿಜವಾದ ಅಳತೆ ಹೇಳಿದ್ರಾ, ಇಲ್ಲಾ ಮರ್ಯಾದೆಗೆ ಹೇಳಿದ್ರಾ?"

ತುಕಿರಾನ್ ತನ್ನ ಕೈಗಳನ್ನು ನೋಡಿಕೊಂಡ. ತೋಳುಗಳು ಇನ್ನೂ ನೋಯುತ್ತಿದ್ದವು. ಫೋಟೋ ಹೋದಂದಿನಿಂದ ಈ ಗಳಿಗೆಯವರೆಗೆ ಅವನು ಯಾರಿಗೂ, ಎಲ್ಲಿಯೂ, ಒಂದೇ ಒಂದು ಸುಳ್ಳು ಹೇಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮನುಷ್ಯ ಅಷ್ಟು ಹೊತ್ತಿಗೆ ಅಳತೆಯವರಂತೆ ಕಾಣುತ್ತಿರಲಿಲ್ಲ. ಹಸಿದು ಕೂತ ಮುದುಕನೊಬ್ಬನಂತೆ ಕಾಣುತ್ತಿದ್ದರು.

"ಮರ್ಯಾದೆಗೆ ಬೀಗರೇ," ಎಂದ ತುಕಿರಾನ್. "ನನಗೆಲ್ಲಿ ಬರುತ್ತೆ ಅಳತೆ?"

ಮಾರ್ತೊಯೊ ಅವರು ಉಸಿರುಬಿಟ್ಟರು. ಅನ್ನಕ್ಕೆ ಸಾರು ಸುರಿದುಕೊಂಡು ಕಲಸಿ ದೊಡ್ಡದೊಂದು ತುತ್ತು ಬಾಯಿಗಿಟ್ಟರು.

"ನನಗೆ ಅವತ್ತೇ ಗೊತ್ತಿತ್ತು," ಎಂದರು. ಆಮೇಲೆ ಚಾಪೆಯ ಮೇಲೆ ನೆಟ್ಟಗೆ ಕೂತು, ಎಲ್ಲರಿಗೂ ಕೇಳುವಂತೆ ದನಿಯೇರಿಸಿದರು: "ಎಲ್ಲಿ, ನಮ್ಮ ಹುಡುಗೀನ ಕರೀರಿ. ನಾವು ಬಂದ ಕೆಲಸ ಕೇಳೋಣ."